ಮಂಜಿನ ಮೇಲೆ ಕೇಸು ಹಾಕಲಾದೀತೆ?

ಧನುರ್ಮಾಸದಲ್ಲಿ ಮಂಜು ದಟ್ಟವಾಗಿ ಇಳಿದ ದಿನ ಆಂಡರ್ಸನ್‌ಪೇಟೆಯವರಿಗೆ ಬೆಳಗ್ಗೆ ಏಳಕ್ಕೂ ಸೈನೈಡ್ ದಿಬ್ಬಗಳು ಕಾಣುವುದಿಲ್ಲ. ಅಷ್ಟು ಹೊತ್ತಿಗಾಗಲೇ ಊರಿನ ದುಡಿಯುವ ಮಂದಿ ದಾರಿಯಲ್ಲಿರುತ್ತಾರೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳಿಗೆ ಬೆಂಗಳೂರೇ ಅನ್ನದ ದಾರಿ. ಮಾರಿಕುಪ್ಪಂನಿಂದ ರೈಲು ಹಿಡಿದವರು ನಿಶ್ಚಿಂತೆಯಿಂದ ಕೂರುತ್ತಾರೆ. ಉಳಿದವರು ಬೈಕಿನಲ್ಲೋ ಟೆಂಪೊದಲ್ಲೋ ಬಂಗಾರಪೇಟೆ ರಸ್ತೆಗೆ ಇಳಿಯುತ್ತಾರೆ. ಕಾರಿದ್ದವರು ಬೇತಮಂಗಲದ ಕಡೆ ಹೋಗಿ ಎಕ್ಸ್‌ಪ್ರೆಸ್‌ವೇ ಹತ್ತುತ್ತಾರೆ. ಇತ್ತ ಟೊಮೆಟೊ ಕ್ರೇಟು ಹೇರಿಕೊಂಡ ಪಿಕಪ್‌ಗಳು ಕೋಲಾರದ ಎಪಿಎಂಸಿಗೆ ಓಡುತ್ತಿರುತ್ತವೆ.

ಇಂಥ ಬೆಳಗಿನಲ್ಲಿ ಡಿಕ್ಕಿಯಾದರೆ ಮೊದಲು ಕೇಳಿಬರುವ ಮಾತು ಒಂದೇ: ‘ಏನ್ ಮಾಡೋದು ಸಾರ್, ಮಂಜು.’ ಕಾನೂನು ಈ ಸಬೂಬನ್ನು ಸುಲಭವಾಗಿ ಒಪ್ಪುವುದಿಲ್ಲ. ಮಂಜು ಚಾಲಕನ ಕಣ್ಣೆದುರಿಗೇ ಇರುತ್ತದೆ. ಅದಕ್ಕೆ ತಕ್ಕಂತೆ ವೇಗ ಇಳಿಸುವುದು ಅವನ ಹೊಣೆ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಅಪಾಯ ಕಂಡು, ಬ್ರೇಕ್ ಒತ್ತಿ, ಗಾಡಿ ನಿಲ್ಲುವಷ್ಟರಲ್ಲಿ 50 ಮೀಟರ್ ದಾಟಿರುತ್ತದೆ. ದಟ್ಟ ಮಂಜಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ.

2023ರ ಅಕ್ಟೋಬರ್ 26ರ ಬೆಳಗ್ಗೆ, ಹಿಂದೆ ಕೋಲಾರ ಜಿಲ್ಲೆಯ ಭಾಗವೇ ಆಗಿದ್ದ ಚಿಕ್ಕಬಳ್ಳಾಪುರದಲ್ಲಿ ಆದದ್ದು ಇದೇ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಸಿಮೆಂಟ್ ಟ್ಯಾಂಕರಿಗೆ ಹಿಂದಿನಿಂದ ಟಾಟಾ ಸುಮೊ ಗುದ್ದಿ 13 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಕೂಲಿಗೆಂದು ಆಂಧ್ರದ ಕಡೆಯಿಂದ ಬೆಂಗಳೂರಿಗೆ ಹೊರಟವರು. ಮಂಜು ಕವಿದು ಟ್ಯಾಂಕರ್ ಕಾಣಿಸಿರಲಿಕ್ಕಿಲ್ಲ ಎಂಬ ಮಾತು ಆಗ ಬಂತು. ಇಂಥ ಪ್ರಕರಣಗಳಲ್ಲಿ ಪ್ರಶ್ನೆ ಎರಡು: ಗುದ್ದಿದವನು ಎಷ್ಟು ವೇಗದಲ್ಲಿದ್ದ? ನಿಂತಿದ್ದ ವಾಹನ ಅಲ್ಲಿ ಏಕೆ, ಹೇಗೆ ನಿಂತಿತ್ತು?

ನಿಂತವರ ತಪ್ಪು

ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬುದು ರಸ್ತೆಬದಿಯ ನ್ಯಾಯ. ಅದು ಎಲ್ಲ ಸಲವೂ ಸರಿಯಲ್ಲ. ಇತರರಿಗೆ ಅಪಾಯವಾಗುವಂತೆ ವಾಹನ ಬಿಟ್ಟುಹೋಗುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ನಮ್ಮ ರಸ್ತೆಗಳಲ್ಲಿ ಲಾರಿ ಪಂಕ್ಚರ್ ಆದರೆ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟು ಕ್ಲೀನರ್ ಜಾಕ್ ಹುಡುಕತೊಡಗುತ್ತಾನೆ. ಗಾಡಿ ಹೊರಟ ಮೇಲೂ ಆ ಕಲ್ಲುಗಳು ಅಲ್ಲೇ ಉಳಿದು ಮುಂದಿನ ಬೈಕ್ ಸವಾರನಿಗೆ ಕಾದಿರುತ್ತವೆ. ಮಂಜಿನಲ್ಲಿ ಹಸಿರು ಕೊಂಬೆ ಯಾರಿಗೆ ಕಂಡೀತು? ಬೇಕಾದದ್ದು ಪಾರ್ಕಿಂಗ್ ದೀಪ, ಹೊಳೆಯುವ ತ್ರಿಕೋನ ಫಲಕ, ಹಿಂಬದಿಯಲ್ಲಿ ಮಾಸದ ರಿಫ್ಲೆಕ್ಟರ್ ಪಟ್ಟಿ.

ಕರ್ನಾಟಕದಿಂದಲೇ ಹೋದ ಸುಷ್ಮಾ ಪ್ರಕರಣದಲ್ಲಿ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ರಾತ್ರಿ ಹೆದ್ದಾರಿಯ ನಡುವೆ ಯಾವ ಎಚ್ಚರಿಕೆಯ ಗುರುತೂ ಇಲ್ಲದೆ ಬಿಟ್ಟಿದ್ದ ಟ್ರೈಲರ್ ಲಾರಿಗೆ ಕಾರು ಗುದ್ದಿತ್ತು. ಕೆಳಗಿನ ನ್ಯಾಯಾಲಯಗಳು ತಪ್ಪನ್ನು ಅರ್ಧರ್ಧ ಹಂಚಿದ್ದವು. ಸುಪ್ರೀಂ ಕೋರ್ಟ್ ಪೂರ್ತಿ ಹೊಣೆಯನ್ನು ಲಾರಿಯ ಕಡೆಗೇ ಹೊರಿಸಿತು. ಕಾರಿನ ಚಾಲಕನ ತಪ್ಪಿದ್ದರೂ ಅದನ್ನು ಒಳಗೆ ಕೂತ ಪ್ರಯಾಣಿಕರ ತಲೆಗೆ ಕಟ್ಟಿ ಪರಿಹಾರ ಕಡಿತಗೊಳಿಸುವಂತಿಲ್ಲ ಎಂದೂ ಹೇಳಿತು.

ಓಡಿಸಿದವರ ತಪ್ಪು

ಇದರ ಇನ್ನೊಂದು ಮಗ್ಗುಲು 2018ರ ನಿಶಾನ್ ಸಿಂಗ್ ಪ್ರಕರಣ. ಮುಂದಿದ್ದ ಲಾರಿಗೆ ಹತ್ತು ಹದಿನೈದು ಅಡಿಯಷ್ಟೇ ಅಂತರ ಬಿಟ್ಟು ಕಾರು ಹಿಂಬಾಲಿಸುತ್ತಿತ್ತು. ಸಾಕಷ್ಟು ಅಂತರ ಕಾಯ್ದುಕೊಳ್ಳದ್ದು ಕಾರು ಚಾಲಕನ ತಪ್ಪೇ ಎಂದಿತು ಸುಪ್ರೀಂ ಕೋರ್ಟ್. ಮಂಜಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪವನ್ನೇ ದಾರಿದೀಪ ಮಾಡಿಕೊಂಡು ಅದರ ಬೆನ್ನಿಗೇ ಅಂಟಿ ಹೋಗುವವರು ಈ ತೀರ್ಪನ್ನು ನೆನಪಿಡಬೇಕು. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ರಾಚುತ್ತದೆ, ಲೋಬೀಮೇ ಸರಿ.

ಜೀವಹಾನಿಯಾದರೆ ಪರಿಹಾರದ ಜೊತೆಗೆ ಕ್ರಿಮಿನಲ್ ಕೇಸೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಐದು ವರ್ಷದವರೆಗೆ ಜೈಲು. ಹಳೆಯ ದಂಡಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು.

ನೊಂದವರು ಮಾಡಬೇಕಾದದ್ದು

ಎರಡೂ ವಾಹನದವರ ತಪ್ಪಿದ್ದಾಗ, ತಪ್ಪಿಲ್ಲದ ಪ್ರಯಾಣಿಕ ಯಾರಾದರೊಬ್ಬರಿಂದ ಪೂರ್ತಿ ಪರಿಹಾರ ಪಡೆಯಬಹುದು ಎಂಬುದು 2015ರ ಖೆನ್ಯೆಯಿ ತೀರ್ಪು. ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ತಾವು ವಾಸವಿರುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಆರು ತಿಂಗಳೊಳಗೆ ಹಾಕಿಬಿಡುವುದು ಕ್ಷೇಮ. ಯಾರ ತಪ್ಪೆಂದು ಸಾಬೀತುಪಡಿಸುವ ಗೋಜಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೊಡುವ ಮೋಟಾರು ವಾಹನ ಕಾಯ್ದೆಯ 164ನೇ ಕಲಮೂ ಇದೆ. ಆದರೆ ಅದನ್ನು ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ಅವಸರದಲ್ಲಿ ಸಹಿ ಹಾಕಬೇಡಿ.

ಮಂಜು ಎಂಟೂವರೆಗೆ ಕರಗಿಹೋಗುತ್ತದೆ, ಕೇಸು ವರ್ಷಗಟ್ಟಲೆ ನಡೆಯುತ್ತದೆ. ಆದ್ದರಿಂದ ಸ್ಥಳ ಮಹಜರಿನಲ್ಲಿ ‘ಮಂಜು ಇತ್ತು’ ಎಂದು ಬರೆದು ಮುಗಿಸಿದರೆ ಸಾಲದು. ದೀಪ ಉರಿಯುತ್ತಿತ್ತೇ, ತ್ರಿಕೋನ ಇತ್ತೇ, ವಾಹನ ರಸ್ತೆಯ ಒಳಗಿತ್ತೇ ಹೊರಗಿತ್ತೇ ಎಂಬುದೂ ದಾಖಲಾಗಬೇಕು. ಅಲ್ಲಿದ್ದವರು ಮೊದಲು ಗಾಯಾಳುಗಳನ್ನು ಸಾಗಿಸಲಿ, ಆಮೇಲೆ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಲಿ. ಲಾರಿ, ಟ್ರ್ಯಾಕ್ಟರ್ ಮಾಲೀಕರಲ್ಲಿ ಕೇಳುವುದು ಇಷ್ಟೇ: ಕೆಟ್ಟ ಟೇಲ್‌ಲೈಟನ್ನು ಇವತ್ತೇ ಬದಲಾಯಿಸಿ.