ಹೊಸ ಲ್ಯಾಪ್‌ಟಾಪಿಗೇಕೆ ಕಡಿಮೆ ಅಂಕ?

ಮೇ ತಿಂಗಳ ಒಂದು ಮಧ್ಯಾಹ್ನ. ಕಲಬುರಗಿಯ ಒಂದು ಮನೆ ಎಂದಿಟ್ಟುಕೊಳ್ಳೋಣ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗನಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿ ಗೇಮಿಂಗ್ ಲ್ಯಾಪ್‌ಟಾಪ್ ತಂದುಕೊಟ್ಟಿದ್ದಾರೆ. ಓದಿಗೂ ಬೇಕು, ಆಟಕ್ಕೂ ಆದೀತು ಎಂಬುದು ಮಗನ ವಾದ. ಪೆಟ್ಟಿಗೆ ಬಿಚ್ಚಿದ ದಿನವೇ ಅವನು ಯಂತ್ರಕ್ಕೊಂದು 'ಬೆಂಚ್‌ಮಾರ್ಕ್' ಪರೀಕ್ಷೆ ಒಡ್ಡುತ್ತಾನೆ. ಈ ಮಾದರಿಗೆ ಹತ್ತು ಸಾವಿರದ ಆಸುಪಾಸು ಅಂಕ ಬರುತ್ತದೆ ಎಂದು ಮೊದಲೇ ಓದಿಕೊಂಡಿದ್ದಾನೆ. ತೆರೆಯ ಮೇಲೆ ಮೂಡಿದ್ದು ಏಳು ಸಾವಿರ. ಮಗನ ಮುಖ ಬಾಡಿದ್ದನ್ನು ಕಂಡ ಅಪ್ಪ ಕೇಳುತ್ತಾರೆ: "ಯಾಕೋ, ಮಷೀನ್ ಖರಾಬ್ ಅದ ಏನು? ವಾಪಸ್ ಕೊಟ್ಟು ಬರೋಣೇನು?"

ಈ ಪ್ರಶ್ನೆಗೆ ಅವಸರದ ಉತ್ತರ ಕೊಟ್ಟರೆ ಎರಡು ಬಗೆಯ ನಷ್ಟವಿದೆ. ಸರಿಯಾಗಿರುವ ಯಂತ್ರವನ್ನು ಹಿಂದಿರುಗಿಸಿ ವಾರಗಟ್ಟಲೆ ಅಲೆಯುವುದು ಒಂದು. ನಿಜಕ್ಕೂ ದೋಷವಿರುವ ಯಂತ್ರವನ್ನು 'ಹೊಸದಲ್ಲವೆ, ಸರಿಹೋದೀತು' ಎಂದು ಇಟ್ಟುಕೊಂಡು, ಬದಲಿಸಿಕೊಳ್ಳಲು ಇರುವ ಕೆಲವೇ ದಿನಗಳನ್ನು ಕಳೆದುಕೊಳ್ಳುವುದು ಇನ್ನೊಂದು. ಯಾವುದು ಯಾವುದೆಂದು ತಿಳಿಯಲು ದುಬಾರಿ ಉಪಕರಣವೇನೂ ಬೇಡ. ಪ್ರಯೋಗಾಲಯದಲ್ಲಿ ಕಲಿತ ಒಂದು ಶಿಸ್ತು ಸಾಕು.

ಅಂಕ ಎಂದರೇನು?

ಬೆಂಚ್‌ಮಾರ್ಕ್ ಎಂಬ ಪದ ಭೂಮಾಪಕರದು. ಎತ್ತರಗಳನ್ನು ಅಳೆಯಲು ಆಧಾರವಾಗಿ ಕಲ್ಲಿನ ಮೇಲೆ ಕೊರೆಯುತ್ತಿದ್ದ ಗುರುತಿಗೆ ಆ ಹೆಸರಿತ್ತು. ಕಂಪ್ಯೂಟರ್‌ಗಳ ಲೋಕಕ್ಕೆ ಬಂದಾಗ ಅದು, ಎಲ್ಲ ಯಂತ್ರಗಳಿಗೂ ಒಂದೇ ಕೆಲಸ ಕೊಟ್ಟು ವೇಗ ಹೋಲಿಸುವ ಪರೀಕ್ಷೆಯಾಯಿತು. 1972ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ 'ವೆಟ್‌ಸ್ಟೋನ್' ಇಂತಹ ಹಳೆಯ ಪರೀಕ್ಷೆಗಳಲ್ಲೊಂದು. ಇಂದಿನ ಆಟಪ್ರಿಯರು ಹೆಚ್ಚಾಗಿ ಬಳಸುವುದು 2016ರಲ್ಲಿ ಬಂದ '3ಡಿಮಾರ್ಕ್ ಟೈಮ್ ಸ್ಪೈ', ಪ್ರೊಸೆಸರನ್ನು ದುಡಿಸಿ ನೋಡುವ 'ಸಿನಿಬೆಂಚ್' ಮುಂತಾದವನ್ನು.

ಕಲ್ಲಿನ ಗುರುತು ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಲ್ಯಾಪ್‌ಟಾಪಿನ ಅಂಕ ಹಾಗಲ್ಲ. ಅದು ಯಂತ್ರದ ಹುಟ್ಟುಗುಣ ಮಾತ್ರವಲ್ಲ. ಆ ಹೊತ್ತಿನಲ್ಲಿ ಅದಕ್ಕೆ ಸಿಕ್ಕ ವಿದ್ಯುತ್ತು, ಸುತ್ತಲಿನ ಬಿಸಿ, ಒಳಗಿನ ವ್ಯವಸ್ಥೆ ಎಲ್ಲ ಸೇರಿ ಹುಟ್ಟಿದ ಫಲ. ಜ್ವರ ಬಂದ ದಿನ ಪರೀಕ್ಷೆಗೆ ಕೂತ ಹುಡುಗನ ಅಂಕವನ್ನು ನೋಡಿ ಅವನ ಬುದ್ಧಿಯನ್ನು ಅಳೆಯಬಹುದೆ?

ಆದ್ದರಿಂದ ಮೊದಲು ನೋಡಬೇಕಾದದ್ದು ಒಟ್ಟು ಅಂಕವನ್ನಲ್ಲ, ವಿಷಯವಾರು ಅಂಕಗಳನ್ನು. ಟೈಮ್ ಸ್ಪೈ ಪರೀಕ್ಷೆ ಗ್ರಾಫಿಕ್ಸ್ ಚಿಪ್ಪಿಗೆ ಬೇರೆ, ಪ್ರೊಸೆಸರಿಗೆ ಬೇರೆ ಅಂಕ ಕೊಡುತ್ತದೆ. ಗ್ರಾಫಿಕ್ಸಿಗೆ ನೂರಕ್ಕೆ 85, ಪ್ರೊಸೆಸರಿಗೆ 15ರ ತೂಕ ಕೊಟ್ಟು 'ಹರಾತ್ಮಕ ಸರಾಸರಿ' ತೆಗೆಯುತ್ತದೆ. ಎರಡರಲ್ಲೂ ಹತ್ತು ಸಾವಿರ ಬಂದರೆ ಒಟ್ಟು ಹತ್ತು ಸಾವಿರವೇ. ಪ್ರೊಸೆಸರ್ ಮಾತ್ರ ಐದು ಸಾವಿರಕ್ಕೆ ಕುಸಿದರೆ ಒಟ್ಟು ಅಂಕ ಸುಮಾರು 8,700ಕ್ಕೆ ಇಳಿಯುತ್ತದೆ. ಗ್ರಾಫಿಕ್ಸ್ ಐದು ಸಾವಿರಕ್ಕೆ ಕುಸಿದರೆ ಒಟ್ಟು ಸುಮಾರು 5,400. ಎಲ್ಲಿ ಕುಸಿದಿದೆ ಎಂಬುದು ಗೊತ್ತಾದರೆ ಅರ್ಧ ರೋಗನಿದಾನ ಮುಗಿದಂತೆ. ಹೋಲಿಕೆ ಕೂಡ ಅದೇ ಪರೀಕ್ಷೆಯ ಅದೇ ಆವೃತ್ತಿಯ ಜೊತೆಗೇ ಆಗಬೇಕು.

ಹೆಸರು ಒಂದೇ, ಹಸಿವು ಬೇರೆ

ಎರಡನೆಯ ಪ್ರಶ್ನೆ: ಹೋಲಿಸುತ್ತಿರುವುದು ಯಾವುದರ ಜೊತೆ? ಇಲ್ಲಿಯೇ ಬಹಳ ಜನ ಎಡವುತ್ತಾರೆ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಎಂಬ ಹೆಸರು ಮೇಜಿನ ಕಂಪ್ಯೂಟರಿಗೂ ಉಂಟು, ಲ್ಯಾಪ್‌ಟಾಪಿಗೂ ಉಂಟು. ಮೇಜಿನ ಚಿಪ್ಪಿನಲ್ಲಿ 16,384 ಗಣನಾ ಘಟಕಗಳಿದ್ದರೆ ಲ್ಯಾಪ್‌ಟಾಪಿನದರಲ್ಲಿ 9,728. ಮೊದಲನೆಯದು 450 ವ್ಯಾಟ್ ವಿದ್ಯುತ್ತು ನುಂಗಬಲ್ಲದು; ಎರಡನೆಯದಕ್ಕೆ ಹಂಚಿಕೆಯಾಗುವುದು ಹೆಚ್ಚೆಂದರೆ 150ರಿಂದ 175 ವ್ಯಾಟ್. ಹೆಸರು ಒಂದೇ ಎಂದು ಅಂಕವೂ ಒಂದೇ ಬರಲಿ ಎಂದರೆ ಆಗದ ಮಾತು.

ಲ್ಯಾಪ್‌ಟಾಪ್‌ಗಳ ನಡುವೆಯೂ ಇದೇ ಕಥೆ. 2023ರಲ್ಲಿ ಬಂದ ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್ಪನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಯಾವ ಮಿತಿಯಲ್ಲಾದರೂ ಅಳವಡಿಸಲು ತಯಾರಕರಿಗೆ ಅವಕಾಶವಿದೆ. ತೆಳ್ಳನೆಯ, ಹಗುರ ಯಂತ್ರಕ್ಕೆ ಕಡಿಮೆ. ದಪ್ಪನೆಯ, ದೊಡ್ಡ ಫ್ಯಾನಿನ ಯಂತ್ರಕ್ಕೆ ಹೆಚ್ಚು. ನಿಮ್ಮ ಯಂತ್ರದ ಮಿತಿ ಎಷ್ಟೆಂಬುದು ತಯಾರಕರ ವಿವರಪಟ್ಟಿಯಲ್ಲಿ ಇರುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಂ ಮಾಹಿತಿಯಲ್ಲೂ ನೋಡಬಹುದು. ಮಿತಿಯೇ ಕಡಿಮೆಯಿದ್ದರೆ ಅದು ದೋಷವಲ್ಲ, ಕೊಳ್ಳುವ ಮುನ್ನ ಕೇಳಬೇಕಾಗಿದ್ದ ಪ್ರಶ್ನೆ. ಇನ್ನೂ ಕೊಳ್ಳದವರು ಚಿಪ್ಪಿನ ಹೆಸರಿನ ಜೊತೆಗೆ ಅದರ ವ್ಯಾಟ್ ಎಷ್ಟೆಂದು ಅಂಗಡಿಯಲ್ಲಿ ಕೇಳುವುದು ಒಳ್ಳೆಯದು.

ವಿದ್ಯುತ್ತು ಎಲ್ಲಿಂದ?

ಚಾರ್ಜರ್ ಸಿಕ್ಕಿಸದೆ ಪರೀಕ್ಷೆ ಮಾಡಿದರೆ ಅಂಕ ಕುಸಿಯುವುದು ಖಂಡಿತ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ. ಹಾಗಾಗಿ ಲ್ಯಾಪ್‌ಟಾಪ್ ಬ್ಯಾಟರಿಗಳು ಅದರೊಳಗೇ ಇರುತ್ತವೆ. 90 ವ್ಯಾಟ್-ಗಂಟೆಯ ಬ್ಯಾಟರಿಯಿಂದ 200 ವ್ಯಾಟ್ ಎಳೆದರೆ ಅರ್ಧ ಗಂಟೆಯೊಳಗೆ ಬರಿದು! ಬ್ಯಾಟರಿಯ ಆರೋಗ್ಯಕ್ಕೂ ಅದು ಒಳ್ಳೆಯದಲ್ಲ. ಆದ್ದರಿಂದ ಚಾರ್ಜರ್ ಕಿತ್ತ ಕೂಡಲೇ ಯಂತ್ರ ತಾನೇ ಕೈ ಬಿಗಿ ಹಿಡಿಯುತ್ತದೆ.

ಚಾರ್ಜರ್ ಸಿಕ್ಕಿಸಿದರೂ ಅದು ಪೆಟ್ಟಿಗೆಯಲ್ಲಿ ಬಂದ ಅಸಲಿ ಚಾರ್ಜರೇ ಆಗಿರಬೇಕು. ಹಾಸ್ಟೆಲಿನ ಗೆಳೆಯನಿಂದ ಎರವಲು ತಂದ 65 ವ್ಯಾಟಿನ ಚಾರ್ಜರ್ ಬ್ಯಾಟರಿ ತುಂಬಿಸೀತು. ಗೇಮಿಂಗ್ ಚಿಪ್ಪಿನ ಹಸಿವು ತಣಿಸಲಾರದು. ಮನೆಯಲ್ಲಿ ವೋಲ್ಟೇಜ್ ತುಸು ಕಡಿಮೆ ಎಂಬುದು ಮಾತ್ರ ಸಾಮಾನ್ಯವಾಗಿ ಕಾರಣವಲ್ಲ. ಈ ಚಾರ್ಜರ್‌ಗಳು 100ರಿಂದ 240 ವೋಲ್ಟಿನವರೆಗೆ ದುಡಿಯುವಂತೆ ರೂಪುಗೊಂಡಿರುತ್ತವೆ. ಚಾರ್ಜರಿನ ಮೇಲೆಯೇ ಅದನ್ನು ಬರೆದಿರುತ್ತಾರೆ.

ಇನ್ನೊಂದು ಗುಟ್ಟು 'ಮೋಡ್'. ತಯಾರಕರು ಮೌನ, ಸಮತೋಲ, ಗರಿಷ್ಠ ಸಾಮರ್ಥ್ಯ ಎಂದು ಮೂರ್ನಾಲ್ಕು ಬಗೆಯ ವ್ಯವಸ್ಥೆ ಇಟ್ಟಿರುತ್ತಾರೆ. ಪೆಟ್ಟಿಗೆಯಿಂದ ಬಂದಾಗ ಯಂತ್ರ ಬಹುಮಟ್ಟಿಗೆ ಗರಿಷ್ಠದಲ್ಲಿ ಇರುವುದಿಲ್ಲ. ವಿಮರ್ಶಕರು ಅಳೆಯುವುದು ಹೆಚ್ಚಾಗಿ ಗರಿಷ್ಠದಲ್ಲಿ. ಒಂದು ಗುಂಡಿ ಒತ್ತಿದರೆ ಫ್ಯಾನಿನ ಸದ್ದಿನ ಜೊತೆಗೆ ಅಂಕವೂ ಏರುವುದುಂಟು.

ಬಿಸಿಲ ನಾಡಿನ ಲೆಕ್ಕ

ಈಗ ಕಲಬುರಗಿಯ ಮೇ ತಿಂಗಳಿಗೆ ಬರೋಣ. ನ್ಯೂಟನ್ನನ ತಂಪಾಗುವಿಕೆಯ ನಿಯಮ ಪಿಯುಸಿ ಪುಸ್ತಕದಲ್ಲಿದೆ: ಬಿಸಿ ವಸ್ತು ಶಾಖ ಕಳೆದುಕೊಳ್ಳುವ ವೇಗ, ಅದರ ಮತ್ತು ಪರಿಸರದ ಉಷ್ಣತೆಗಳ ವ್ಯತ್ಯಾಸವನ್ನು ಅವಲಂಬಿಸಿರುತ್ತದೆ. ಚಿಪ್ಪು 90 ಡಿಗ್ರಿ ಸೆಲ್ಸಿಯಸ್ಸಿನಲ್ಲಿದೆ ಎನ್ನೋಣ. ವಿಮರ್ಶಕನ ತಂಪು ಕೋಣೆ 22 ಡಿಗ್ರಿ, ವ್ಯತ್ಯಾಸ 68. ಕಲಬುರಗಿಯ ಕೋಣೆ 40 ಡಿಗ್ರಿ, ವ್ಯತ್ಯಾಸ 50. ಅದೇ ಫ್ಯಾನು, ಅದೇ ತಾಮ್ರದ ಕೊಳವೆ. ಆದರೆ ಹೊರದಬ್ಬಬಹುದಾದ ಶಾಖ ಸುಮಾರು ಕಾಲು ಭಾಗ ಕಡಿಮೆ.

ಹಾಗಾದರೆ ಯಂತ್ರ ಏನು ಮಾಡಬೇಕು? ಪ್ರೊಸೆಸರ್‌ಗಳು ಸಾಮಾನ್ಯವಾಗಿ 95ರಿಂದ 105 ಡಿಗ್ರಿಯೊಳಗಿನ ಒಂದು ಮಿತಿ ತಲುಪಿದೊಡನೆ ವೇಗ ತಗ್ಗಿಸಿಕೊಳ್ಳುತ್ತವೆ. ಇದು ಕೆಟ್ಟಿರುವುದರ ಲಕ್ಷಣವಲ್ಲ, ಸುಟ್ಟುಹೋಗದಂತೆ ಕಾಪಾಡಿಕೊಳ್ಳುವ ಜಾಣತನ. ಸಮಾಧಾನದ ಸಂಗತಿಯೆಂದರೆ ಶಾಖ ಕಾಲು ಭಾಗ ತಗ್ಗಿದರೆ ವೇಗವೂ ಅಷ್ಟೇ ತಗ್ಗಬೇಕಾಗಿಲ್ಲ. ಚಿಪ್ಪು ನುಂಗುವ ವಿದ್ಯುತ್ತು ಅದರ ಆವರ್ತನದ ಜೊತೆಗೆ ವೋಲ್ಟೇಜಿನ ವರ್ಗವನ್ನೂ ಅವಲಂಬಿಸಿದೆ. ಆವರ್ತನ ತುಸು ಇಳಿಸಿದರೆ ವೋಲ್ಟೇಜೂ ಇಳಿದು ವಿದ್ಯುತ್ತು ಬಹಳ ಉಳಿಯುತ್ತದೆ.

ಆದರೆ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಈ ಲೆಕ್ಕವೆಲ್ಲ ತಲೆಕೆಳಗು. ಹೆಚ್ಚಿನ ಯಂತ್ರಗಳು ಗಾಳಿ ಎಳೆದುಕೊಳ್ಳುವುದು ಅಡಿಯಿಂದ. ಗಾದಿ ಆ ಕಿಂಡಿಯನ್ನು ಮುಚ್ಚಿಬಿಡುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು, ಹಿಂಬದಿಯನ್ನು ಒಂದೆರಡು ಅಂಗುಲ ಎತ್ತರಿಸಿದರೆ ಖರ್ಚಿಲ್ಲದ ಚಿಕಿತ್ಸೆ.

ಕಾಣದ ಕಾರಣಗಳು

ಮೊದಲ ದಿನ ಹೊಸ ಯಂತ್ರ ಸುಮ್ಮನೆ ಕೂತಿರುವುದಿಲ್ಲ. ವಿಂಡೋಸ್ ಹೊಸ ಕಡತಗಳನ್ನು ಇಳಿಸಿಕೊಳ್ಳುತ್ತ, ಕಡತಗಳ ಸೂಚಿ ತಯಾರಿಸುತ್ತ, ವೈರಸ್ ತಪಾಸಣೆ ನಡೆಸುತ್ತ ತೆರೆಮರೆಯಲ್ಲಿ ದುಡಿಯುತ್ತಿರುತ್ತದೆ. ಎಲ್ಲ ಅಪ್‌ಡೇಟ್ ಮುಗಿಸಿ, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು ಪರೀಕ್ಷಿಸುವುದೇ ನ್ಯಾಯ.

ಎರಡನೆಯ ಕಾರಣ ಸ್ಮೃತಿ, ಅಂದರೆ ರ್‍ಯಾಮ್. 16 ಗಿಗಾಬೈಟನ್ನು ಒಂದೇ ಪಟ್ಟಿಯಲ್ಲಿ ಹಾಕಬಹುದು, ಎಂಟರ ಎರಡು ಪಟ್ಟಿಗಳಾಗಿಯೂ ಹಾಕಬಹುದು. ಸಾಮರ್ಥ್ಯ ಒಂದೇ, ದಾರಿ ಬೇರೆ. ಡಿಡಿಆರ್5-4800 ಬಗೆಯ ಒಂದು ಪಟ್ಟಿಯಲ್ಲಿ ಸೆಕೆಂಡಿಗೆ ಗರಿಷ್ಠ 38.4 ಗಿಗಾಬೈಟ್ ಮಾಹಿತಿ ಹರಿದರೆ, ಎರಡರಲ್ಲಿ 76.8. ಒಂದು ಬಾಗಿಲ ಗೋದಾಮಿಗೂ ಎರಡು ಬಾಗಿಲ ಗೋದಾಮಿಗೂ ಇರುವ ವ್ಯತ್ಯಾಸ ಇದು. ಪ್ರೊಸೆಸರಿನ ಅಂಕ ಮಾತ್ರ ಕಡಿಮೆ ಬಂದಿದ್ದರೆ ಇಲ್ಲಿ ಹುಡುಕಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಕಿಂಡಿಗಳು ತುಂಬಿವೆ ಎಂಬುದು ಕಾಣುತ್ತದೆ.

ಮೂರನೆಯದು, ಚಿತ್ರ ಸಾಗುವ ಹಾದಿ. ಬ್ಯಾಟರಿ ಉಳಿಸಲೆಂದು ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ದೊಡ್ಡ ಗ್ರಾಫಿಕ್ಸ್ ಚಿಪ್ಪು ಬರೆದ ಚಿತ್ರ, ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಮೂಲಕ ತೆರೆಗೆ ಬರುತ್ತದೆ. ಈ ಬಳಸುದಾರಿಯಲ್ಲಿ ಕೊಂಚ ವೇಗ ಸೋರುತ್ತದೆ. ಕೆಲವು ಯಂತ್ರಗಳಲ್ಲಿ ನೇರದಾರಿಗೆ ಬದಲಿಸುವ ಸೌಲಭ್ಯವಿದೆ. ಅದಕ್ಕೆ 'ಮಕ್ಸ್ ಸ್ವಿಚ್' ಎನ್ನುತ್ತಾರೆ.

ಒಮ್ಮೆಗೆ ಒಂದೇ ಬದಲಾವಣೆ

ಇಷ್ಟೆಲ್ಲ ತಿಳಿದ ಹುಡುಗ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಒಂದೇ ಸಂಜೆ ಎಲ್ಲವನ್ನೂ ಬದಲಿಸಿಬಿಡುವುದು. ಅಂಕ ಏರಿದರೂ ಯಾವುದರಿಂದ ಏರಿತೆಂದು ತಿಳಿಯದು. ಲೋಲಕದ ಪ್ರಯೋಗದಲ್ಲಿ ದಾರದ ಉದ್ದ ಬದಲಿಸುವಾಗ ಗುಂಡಿನ ತೂಕವನ್ನು ಮುಟ್ಟುವುದಿಲ್ಲ ಅಲ್ಲವೆ? ಇಲ್ಲಿಯೂ ಅದೇ ನಿಯಮ. ಒಂದು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿ: ದಿನಾಂಕ, ಕೋಣೆಯ ಉಷ್ಣತೆ, ಮೋಡ್, ಚಾರ್ಜರ್, ಗ್ರಾಫಿಕ್ಸ್ ಅಂಕ, ಪ್ರೊಸೆಸರ್ ಅಂಕ, ಚಿಪ್ಪಿನ ಗರಿಷ್ಠ ಉಷ್ಣತೆ. ಪ್ರತಿ ಸ್ಥಿತಿಯಲ್ಲೂ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಅಳತೆಯಿಂದ ಅಳತೆಗೆ ನೂರಕ್ಕೆ ಒಂದೆರಡರ ಏರಿಳಿತ ಸಹಜ, ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ಇಷ್ಟು ಮಾಡಿದ ಮೇಲೂ ಅಂಕ ಮೇಲೇಳದಿದ್ದರೆ? ಕೆಲವು ಲಕ್ಷಣಗಳನ್ನು ಹಗುರವಾಗಿ ಕಾಣಬಾರದು. ಹೊರೆ ಬಿದ್ದ ಕ್ಷಣಾರ್ಧದಲ್ಲಿ ಚಿಪ್ಪು ನೂರು ಡಿಗ್ರಿಗೆ ಜಿಗಿಯುವುದು, ಒಂದು ಫ್ಯಾನು ತಿರುಗದಿರುವುದು, ಅಸಲಿ ಚಾರ್ಜರ್ ಹಾಕಿದರೂ ಬ್ಯಾಟರಿ ವೇಗವಾಗಿ ಇಳಿಯುವುದು, ಪರೀಕ್ಷೆಯ ನಡುವೆ ಯಂತ್ರ ನಿಂತುಹೋಗುವುದು ಇವೆಲ್ಲ ನಿಜವಾದ ದೋಷದ ಸೂಚನೆಗಳು. 3ಡಿಮಾರ್ಕ್‌ನಲ್ಲಿ ಒಂದೇ ದೃಶ್ಯವನ್ನು 20 ಸಲ ಓಡಿಸುವ ಒತ್ತಡ ಪರೀಕ್ಷೆಯೂ ಇದೆ. ವೇಗದ ಸ್ಥಿರತೆ ನೂರಕ್ಕೆ 97 ಇದ್ದರೆ ಪಾಸು. ಇಂತಹ ಸಂದರ್ಭದಲ್ಲಿ ಸ್ಕ್ರೂ ಬಿಚ್ಚುವ ಸಾಹಸ ಬೇಡ. ವಾರಂಟಿಯ ತಕರಾರು ಎದ್ದೀತು. ನೋಟ್‌ಬುಕ್ಕಿನ ಕೋಷ್ಟಕ ಹಿಡಿದು, ಬದಲಿಸುವ ಅವಧಿ ಮುಗಿಯುವ ಮುನ್ನ ಅಂಗಡಿಗೆ ಹೋಗಬೇಕು. 'ಯಾಕೋ ಸ್ಲೋ ಇದೆ' ಎಂಬ ಮಾತನ್ನು ತಳ್ಳಿಹಾಕುವುದು ಸುಲಭ. ಮೂರು ದಿನದ ಅಳತೆಯ ಪಟ್ಟಿಯನ್ನು ತಳ್ಳಿಹಾಕುವುದು ಕಷ್ಟ.

ಮತ್ತೆ ಆ ಮನೆಗೆ ಬರೋಣ. ಹುಡುಗ ಲ್ಯಾಪ್‌ಟಾಪನ್ನು ಗಾದಿಯಿಂದ ಮೇಜಿಗೆ ಎತ್ತಿಟ್ಟ. ಅಂಕ ಏರಿತು, ಬರೆದುಕೊಂಡ. ಅಪ್‌ಡೇಟ್‌ಗಳನ್ನು ಮುಗಿಸಿದ, ತುಸು ಏರಿತು, ಬರೆದುಕೊಂಡ. ಮೋಡ್ ಬದಲಿಸಿದ, ಒಂಬತ್ತೂವರೆ ಸಾವಿರ ಮುಟ್ಟಿತು. ಉಳಿದ ಕೊರತೆಗೆ ರ್‍ಯಾಮ್ ಒಂದೇ ಪಟ್ಟಿಯದೆಂಬುದೂ ಮೇ ತಿಂಗಳ ಬಿಸಿಲೂ ಕಾರಣವೆಂದು ಅಂದಾಜಿಸಿದ. ಯಂತ್ರ ಅಂಗಡಿಗೆ ಹಿಂದಿರುಗಲಿಲ್ಲ. ಅಪ್ಪನಿಗೆ ಲ್ಯಾಪ್‌ಟಾಪಿನ ಅಂಕದ ಒಗಟು ಪೂರ್ತಿ ತಿಳಿಯದಿದ್ದರೂ, ಮಗ ಅಚ್ಚುಕಟ್ಟಾಗಿ ಗೆರೆ ಎಳೆದು ಬರೆದ ಆ ಪುಟ ಅರ್ಥವಾಯಿತು. ಸಾಲದ ಕಂತು ಇನ್ನೂ ಹಲವು ತಿಂಗಳು ಬಾಕಿಯಿದೆ. ಆದರೆ ಕೊಟ್ಟ ಹಣಕ್ಕೆ ಏನು ಬಂತು ಎಂಬುದನ್ನು ಮಗ ಅಳೆದು ತೋರಿಸಿದ್ದಾನೆ.