ಮೆಷರ್ ಯಾಕೆ ರೋಸ್‌ನಲ್ಲಿ ಕೂರೋದಿಲ್ಲ? ಮುಂಬೈ ಲೆಕ್ಕದಲ್ಲೇ ನೋಡೋಣ

ಅಂಧೇರಿ, ಪವಾಯಿ, ಮಲಾಡ್ ಕಡೆ ರಿಪೋರ್ಟಿಂಗ್ ಕೆಲಸ ಮಾಡೋ ನಮ್ಮ ಕನ್ನಡದವರಿಗಾಗಿ ಇವತ್ತು ಪವರ್ ಬಿಐ ಮ್ಯಾಟ್ರಿಕ್ಸ್‌ನ ಒಂದು ಸಣ್ಣ ವಿಷಯ ತಗೊಂಡಿದ್ದೇನೆ.

ಜಿಲ್ಲೆ, ವರ್ಷದಂಥ ಫೀಲ್ಡ್‌ಗಳನ್ನು ರೋಸ್‌ಗೆ ಎಳೆದು ಹಾಕಬಹುದು. ನಾವು ಬರೆದ ಮೆಷರನ್ನು ಎಳೆದರೆ ಮಾತ್ರ ಅದು ಅಲ್ಲಿ ಕೂರೋದಿಲ್ಲ. ಯಾಕಂದ್ರೆ ಫೀಲ್ಡ್ ಅಂದ್ರೆ ಟೇಬಲ್‌ನಲ್ಲಿ ಆಗಲೇ ಇರುವ ಹೆಸರುಗಳ ಪಟ್ಟಿ. ಮೆಷರ್ ಒಂದು ಲೆಕ್ಕ; ಯಾವ ಸಾಲಿಗೆ ಅಂತ ಗೊತ್ತಾದ ಮೇಲೇ ಅದು ಉತ್ತರ ಕೊಡೋದು.

ಉದಾಹರಣೆಗೆ 2011ರ ಜನಗಣತಿ ನೋಡಿ. ಮುಂಬೈ ನಗರ ಜಿಲ್ಲೆಯಲ್ಲಿ 157 ಚದರ ಕಿ.ಮೀ.ಗೆ 30,85,411 ಜನ. ಉಪನಗರ ಜಿಲ್ಲೆಯಲ್ಲಿ 446 ಚದರ ಕಿ.ಮೀ.ಗೆ 93,56,962 ಜನ. ಅಂದ್ರೆ ಚದರ ಕಿ.ಮೀ.ಗೆ ನಗರದಲ್ಲಿ 19,652, ಉಪನಗರದಲ್ಲಿ 20,980.

ಈ ಸಾಂದ್ರತೆಯನ್ನು ಕ್ಯಾಲ್ಕ್ಯುಲೇಟೆಡ್ ಕಾಲಂ ಮಾಡಿ ಸಮ್ ಹಾಕಿದರೆ ಟೋಟಲ್ ಸಾಲಿನಲ್ಲಿ 40,632 ಬರುತ್ತೆ. ಅಷ್ಟು ಜನದಟ್ಟಣೆ ಎರಡೂ ಜಿಲ್ಲೆಗಳಲ್ಲಿ ಇಲ್ಲ! ಆವರೇಜ್ ಹಾಕಿದರೆ 20,316. ಅದೂ ತಪ್ಪೇ, ಯಾಕಂದ್ರೆ ಅದು ಸಣ್ಣ ಜಿಲ್ಲೆಗೂ ದೊಡ್ಡ ಜಿಲ್ಲೆಗೂ ಒಂದೇ ತೂಕ ಕೊಡುತ್ತೆ. ಒಟ್ಟು ಜನಸಂಖ್ಯೆಯನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸುವ ಮೆಷರ್ ಬರೆದರೆ ಟೋಟಲ್ ಸಾಲಿಗೂ ಲೆಕ್ಕ ಹೊಸದಾಗಿ ನಡೆದು 20,634 ಸಿಗುತ್ತೆ. ಸರಿಯಾದ ಉತ್ತರ ಇದು.

ಹಾಗಾದ್ರೆ ಮೆಷರ್‌ಗಳನ್ನು ಸಾಲುಗಳಾಗಿ ತೋರಿಸೋದು ಹೇಗೆ? ಅವನ್ನು ವ್ಯಾಲ್ಯೂಸ್‌ನಲ್ಲೇ ಬಿಡಿ. ಫಾರ್ಮ್ಯಾಟ್ ಪೇನ್‌ನಲ್ಲಿ ವ್ಯಾಲ್ಯೂಸ್, ಅದರೊಳಗೆ ಆಪ್ಷನ್ಸ್, ಅಲ್ಲಿ ‘ಸ್ವಿಚ್ ವ್ಯಾಲ್ಯೂಸ್ ಟು ರೋಸ್’ ಆನ್ ಮಾಡಿ. ಪ್ರತಿ ಜಿಲ್ಲೆಯ ಕೆಳಗೆ ಜನಸಂಖ್ಯೆ, ವಿಸ್ತೀರ್ಣ, ಸಾಂದ್ರತೆ ಒಂದರ ಕೆಳಗೊಂದು ಬರುತ್ತವೆ. ಎಡಗಡೆ ಬರೀ ಮೆಷರ್ ಹೆಸರುಗಳೇ ಬೇಕಾ? ಜಿಲ್ಲೆಯನ್ನು ಕಾಲಮ್ಸ್‌ಗೆ ಕಳಿಸಿ. ಲಾಭ-ನಷ್ಟದ ಪಟ್ಟಿಯಂಥ ರಿಪೋರ್ಟ್‌ಗೆ ಇದೇ ಜೋಡಣೆ ಸರಿ. ಎಕ್ಸೆಲ್ ಪಿವೋಟ್‌ನಲ್ಲಾದರೆ ಎರಡು ವ್ಯಾಲ್ಯೂ ಹಾಕಿದ ಕೂಡಲೇ ಕಾಲಮ್ಸ್‌ನಲ್ಲಿ ಕಾಣುವ ‘ಸಿಗ್ಮಾ ವ್ಯಾಲ್ಯೂಸ್’ ಅನ್ನು ರೋಸ್‌ಗೆ ಎಳೆದರೆ ಸಾಕು.

ಜೋಡಣೆ ಬದಲಾದರೆ ನೋಟ ಬದಲಾಗುತ್ತೆ, ಲೆಕ್ಕ ಬದಲಾಗಲ್ಲ. ಮೀಟಿಂಗ್‌ನಲ್ಲಿ ಮೊದಲು ಎಲ್ಲರ ಕಣ್ಣು ಬೀಳೋದು ಟೋಟಲ್ ಮೇಲೆ. ನಿರ್ಧಾರ ಆಗೋದೂ ಹೆಚ್ಚಾಗಿ ಅದರಿಂದಲೇ. ಹಾಗಾಗಿ ರಿಪೋರ್ಟ್ ಕಳಿಸೋ ಮೊದಲು ಶೇಕಡಾ, ಸರಾಸರಿ, ಸಾಂದ್ರತೆ ಇರುವ ಪ್ರತಿ ಟೋಟಲನ್ನೂ ಒಮ್ಮೆ ಕೈಯಲ್ಲೇ ಭಾಗಿಸಿ ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.