ಹೊರಗೆ ಹೊಸದು, ಒಳಗೆ ನೂಲು: ಮೇವಿನ ಟ್ರೇಲರ್ ಟೈರ್ ಒಂದೇ ಬದಿ ಸವೆಯುವುದೇಕೆ?



ಹಸು ಕುಂಟಿದರೆ ನಾವು ಮೊದಲು ಏನು ಮಾಡುತ್ತೇವೆ? ಕಾಲೆತ್ತಿಸಿ ಗೊರಸು ನೋಡುತ್ತೇವೆ. ಗೊರಸು ಒಂದು ಬದಿ ಹೆಚ್ಚು ಸವೆದಿದ್ದರೆ ಕೊಟ್ಟಿಗೆಯ ನೆಲ ಸರಿಯಿಲ್ಲವೋ, ಹಸು ಕಾಲೂರುವ ರೀತಿಯೇ ಕೆಟ್ಟಿದೆಯೋ ಎಂದು ಹುಡುಕುತ್ತೇವೆ. ಅದೇ ಮನೆಯ ಮೇವಿನ ಟ್ರೇಲರ್ ಟೈರ್ ಒಂದು ಬದಿ ಸವೆದರೆ "ಟೈರ್ ಹೋಯ್ತು, ಹೊಸದು ಹಾಕಿಸಬೇಕು" ಎಂದು ಹೇಳಿ ಸುಮ್ಮನಾಗುತ್ತೇವೆ. ಅದು ಗಂಡಸರ ಕೆಲಸ ಎಂದುಕೊಳ್ಳುತ್ತೇವೆ. ನಾನೂ ಹಾಗೆಯೇ ಇದ್ದವಳು.

ನಮ್ಮ ಮನೆಯದು ಎರಡು ಚಕ್ರದ ಟ್ರೇಲರ್. ಒಂದು ಸಂಜೆ ಹೊಲದಿಂದ ಜೋಳದ ಹಸಿರು ಮೇವು ತುಂಬಿಕೊಂಡು ಬರುತ್ತಿದ್ದೆವು. ನಾನು, ನನ್ನ ಓರಗಿತ್ತಿ, ಪಕ್ಕದ ಮನೆಯ ಹುಡುಗಿ, ಮೂವರೂ ಮೇವಿನ ಮೇಲೆ ಕೂತಿದ್ದೆವು. ಕೆರೆ ಏರಿ ಇಳಿಯುವಾಗ ಎಡಗಡೆ ಟೈರ್ ಢಂ ಎಂದು ಒಡೆಯಿತು. ಟ್ರೇಲರ್ ವಾಲಿತು, ಹೊರೆಗಳ ಜೊತೆ ನಾವೂ ಜಾರಿದೆವು. ನನಗೆ ತರಚು ಗಾಯ. ಓರಗಿತ್ತಿಯ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಹಾಲು ಕರೆಯುವ ಕೈ ಅದು. ಎರಡು ತಿಂಗಳು ಅವಳ ಪಾಲಿನ ಮೂರು ಹಸುಗಳನ್ನೂ ನಾನೇ ಕರೆದೆ. ಬೇರೆ ಕೈಗೆ ಒಗ್ಗದೆ ಒಂದು ಹಸು ಹಾಲು ಇಳಿಸಿಯೂ ಬಿಟ್ಟಿತು.

ಒಡೆದ ಟೈರನ್ನು ಬಿಚ್ಚಿ ನೆಲಕ್ಕೆ ಹಾಕಿದಾಗ ನೋಡಿದೆ. ನಾವು ದಿನಾ ಕಾಣುವ ಹೊರಬದಿಯಲ್ಲಿ ಹಲ್ಲುಗಳು ಇನ್ನೂ ಹೊಸದರಂತೆ ಎದ್ದು ನಿಂತಿದ್ದವು. ಯಾರೂ ಬಗ್ಗಿ ನೋಡದ ಒಳಬದಿಯಲ್ಲಿ ರಬ್ಬರೇ ಇರಲಿಲ್ಲ, ನೂಲು ಕಾಣುತ್ತಿತ್ತು. ಹೊಸ ಟೈರ್ ಹಾಕಿಸಿದೆವು. ನಾಲ್ಕೇ ತಿಂಗಳಲ್ಲಿ ಅದರ ಒಳಬದಿಯೂ ನುಣ್ಣಗಾಯಿತು. ಆಗ ಪೇಟೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಟ್ರೇಲರ್ ಸುತ್ತ ಒಂದು ಸುತ್ತು ಬಂದು ಹೇಳಿದರು: "ಅಮ್ಮಾ, ಟೈರ್ ಬದಲಾಯಿಸಿದ್ದೀರಿ. ಅದನ್ನ ತಿನ್ನೋ ಅಚ್ಚು ಹಾಗೇ ಇದೆಯಲ್ಲ."

ಅವರು ಅಂದು ತೋರಿಸಿಕೊಟ್ಟದ್ದನ್ನೂ, ಆಮೇಲೆ ನಾನು ಮಾಡಿ ನೋಡಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಟ್ರ್ಯಾಕ್ಟರಿನ ಟ್ರೇಲರ್ ಆದರೂ ಸರಿ, ಎತ್ತಿನ ಟೈರ್ ಗಾಡಿ ಆದರೂ ಸರಿ, ಲೆಕ್ಕ ಒಂದೇ.

ಮೊದಲು ಸವೆತದ ಗುರುತು ಓದಬೇಕು. ಟೈರಿನ ಎರಡೂ ಅಂಚು ಸವೆದು ನಡುವೆ ರಬ್ಬರ್ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ ಎಂದರ್ಥ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಮೊದಲನೆಯದು. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಆ ಮಡಚಾಟಕ್ಕೆ ಒಳಗೇ ಬಿಸಿಯಾಗುತ್ತದೆ. ಬೇಸಿಗೆಯ ರಸ್ತೆ, ಮೇಲೆ ಭಾರ, ಒಳಗೆ ಈ ಬಿಸಿ, ಮೂರೂ ಸೇರಿದರೆ ಟೈರ್ ಒಡೆಯುತ್ತದೆ. ಎಷ್ಟು ಗಾಳಿ ಇರಬೇಕು ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಗರಿಷ್ಠ ಭಾರ ಎಷ್ಟು, ಆ ಭಾರಕ್ಕೆ ಗಾಳಿ ಎಷ್ಟು ಎಂದು ಎರಡೂ ಇರುತ್ತದೆ. ಬೆಳಿಗ್ಗೆ ಗಾಡಿ ಓಡುವ ಮೊದಲು, ಟೈರ್ ತಣ್ಣಗಿರುವಾಗ ಅಳೆಸಿ. ಓಡಿ ಬಂದ ಟೈರಿನಲ್ಲಿ ಗಾಳಿ ಹೆಚ್ಚು ತೋರಿಸುವುದು ಸಹಜ. ಹೆಚ್ಚಾಯಿತು ಎಂದು ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ.

ಒಂದು ಟೈರ್ ಪೂರ್ತಿಯಾಗಿ ಬೇಗ ಸವೆದು ಇನ್ನೊಂದು ಹಾಗೇ ಇದ್ದರೆ ಎರಡೂ ಒಂದೇ ಅಳತೆಯವೇ ಎಂದು ಮೊದಲು ನೋಡಿ. ಪಕ್ಕದಲ್ಲಿ 7.50-16, 9.00-16 ಎಂದು ಬರೆದಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಅಡ್ಡಳತೆ, ಎರಡೂ ಇಂಚಿನಲ್ಲಿ. ಸಿಕ್ಕಿದ್ದನ್ನು ಹಾಕಿಸಿಕೊಂಡು ಬಂದು ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು ಇರುವ ಟ್ರೇಲರ್‌ಗಳು ನಮ್ಮೂರಲ್ಲೇ ಇವೆ. ಅಂಥ ಟ್ರೇಲರ್ ಚಿಕ್ಕದರ ಕಡೆ ವಾಲಿಕೊಂಡೇ ಓಡುತ್ತದೆ.

ಇನ್ನು ಕೈಯಿಂದ ನೋಡುವ ಗುರುತು. ಟೈರಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಕ್ಕೆ ಸವರಿ, ಆಮೇಲೆ ಹೊರಗಿನಿಂದ ಒಳಕ್ಕೆ. ಒಂದು ಕಡೆಗೆ ನಯವಾಗಿ ಜಾರಿ, ಮರಳುವಾಗ ಗರಗಸದಂತೆ ತಡೆದರೆ ಚಕ್ರ ನೇರ ಉರುಳುತ್ತಿಲ್ಲ, ಉರುಳುತ್ತಾ ಉಜ್ಜುತ್ತಿದೆ. ನೂಲು ಅಥವಾ ತಂತಿ ಹೊರಬಿದ್ದಿರಬಹುದು, ಮೆಲ್ಲಗೆ ಸವರಿ. ಅಲ್ಲಲ್ಲಿ ತಟ್ಟೆಯಂತೆ ಗುಳಿ ಬಿದ್ದಿದ್ದರೆ ಬೇರಿಂಗ್ ಸಡಿಲ ಇರಬಹುದು, ರಿಮ್ ಸೊಟ್ಟಗಾಗಿರಬಹುದು. ನಮ್ಮದರಂತೆ ಒಳಬದಿ ಮಾತ್ರ ಸವೆದಿದ್ದರೆ ಅಚ್ಚಿನ ಮೇಲೆ ಅನುಮಾನ ಇಡಿ. ಗ್ಯಾರೇಜಿನವರ ಬಾಯಲ್ಲಿ ಇದು ಆಕ್ಸಲ್.

ಅಚ್ಚು ಬಾಗುವುದು ಹೇಗೆ? ಭಾರ ಕೂರುವುದು ಚಕ್ರಗಳಿಗಿಂತ ಒಳಗೆ, ನೆಲ ಹೊರುವುದು ಎರಡು ತುದಿಯ ಚಕ್ರಗಳಲ್ಲಿ. ಹಾಗಾಗಿ ಮಿತಿ ಮೀರಿದರೆ ಅಚ್ಚಿನ ನಡು ಕೆಳಕ್ಕೆ ಜಗ್ಗುತ್ತದೆ, ತುದಿಗಳು ಮೇಲಕ್ಕೇಳುತ್ತವೆ. ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಕಾಲು ಹೊರಕ್ಕೆ ಹೋಗುತ್ತದೆ. ಭಾರವೆಲ್ಲ ಟೈರಿನ ಒಳ ಅಂಚಿಗೆ ಬೀಳುತ್ತದೆ. ಭಾರ ಇಳಿಸಿದ ಮೇಲೆ ಅಚ್ಚು ಮತ್ತೆ ನೆಟ್ಟಗಾದರೆ ತೊಂದರೆಯಿಲ್ಲ. ಒಮ್ಮೆ ಮಿತಿ ದಾಟಿ ಬಾಗಿದರೆ ಹಾಗೇ ಉಳಿಯುತ್ತದೆ.

ನಮ್ಮದನ್ನು ಬಗ್ಗಿಸಿದ್ದು ಮೇವಲ್ಲ, ಗೊಬ್ಬರ. ಒಂದು ಲೆಕ್ಕ ಹಾಕಿ ನೋಡಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಡಬ್ಬಿ ಎಂದರೆ 120 ಘನ ಅಡಿ. ಅದರ ತುಂಬ ನೀರಿದ್ದರೆ ಸುಮಾರು 3,400 ಕಿಲೋ. ಮಳೆ ನೆನೆದ ಹಸಿ ಸಗಣಿ ಗೊಬ್ಬರ ಹೆಚ್ಚುಕಡಿಮೆ ನೀರಿನಷ್ಟೇ ತೂಗುತ್ತದೆ. 3 ಟನ್ನಿಗೆ ಮಾಡಿಸಿದ ಟ್ರೇಲರ್ ಅಂಚಿನ ಮಟ್ಟಕ್ಕೇ ಮಿತಿ ದಾಟಿತು. ನಾವೋ, ಒಣ ರಾಗಿ ಹುಲ್ಲು ಏರಿಸುವ ಅಭ್ಯಾಸದಲ್ಲಿ ಗೊಬ್ಬರವನ್ನೂ ಗೋಪುರ ಮಾಡಿ ಏರಿಸಿದ್ದೆವು. ಪಶು ಆಹಾರದ ಲೆಕ್ಕ ಸುಲಭ, 50 ಕಿಲೋ ಚೀಲ 40 ಆದರೆ 2 ಟನ್. 1,000 ಲೀಟರ್ ನೀರಿನ ಟ್ಯಾಂಕ್ 1 ಟನ್. ಗೊಬ್ಬರಕ್ಕೆ ಚೀಲವೂ ಇಲ್ಲ, ಲೆಕ್ಕವೂ ಇಲ್ಲ. ಅದಕ್ಕೇ ಅದು ಮೋಸ ಮಾಡುತ್ತದೆ.

ಇನ್ನೊಂದು ಸಂಗತಿ ಆ ಮೆಕ್ಯಾನಿಕ್ ಕೇಳಿದ ಮೇಲೆ ಹೊಳೆಯಿತು. ಬಲಗಡೆ ಟೈರಿನ ಒಳಬದಿಯೂ ಸವೆದಿತ್ತು, ಆದರೆ ಎಡದಷ್ಟಲ್ಲ. ನಮ್ಮ ತಿಪ್ಪೆಗೆ ಟ್ರೇಲರ್ ಯಾವಾಗಲೂ ಎಡಬದಿ ಕೊಟ್ಟು ನಿಲ್ಲುತ್ತದೆ. ಮಂಕರಿ ಹೊತ್ತು ತಂದವರು ಹತ್ತಿರದ ಬದಿಗೇ ಸುರಿಯುತ್ತೇವೆ. ವರ್ಷಗಟ್ಟಲೆ ಎಡಕ್ಕೇ ಭಾರ ಹಾಕಿದ್ದು ನಾವೇ ಹೆಂಗಸರು. ಈಗ ಅರ್ಧ ತುಂಬಿದ ಮೇಲೆ ಟ್ರೇಲರ್ ತಿರುಗಿಸಿ ನಿಲ್ಲಿಸುತ್ತೇವೆ.

ಅಚ್ಚು ಬಾಗಿದೆಯೋ ಇಲ್ಲವೋ ನೋಡಲು ದೊಡ್ಡ ಸಲಕರಣೆ ಬೇಡ. ಖಾಲಿ ಟ್ರೇಲರನ್ನು ಸಮತಟ್ಟು ನೆಲದಲ್ಲಿ, ಡೇರಿ ಮುಂದಿನ ಸಿಮೆಂಟ್ ನೆಲ ಸಿಕ್ಕಿದರೆ ಒಳ್ಳೆಯದು, ನಿಲ್ಲಿಸಿ. ಗಾರೆ ಕೆಲಸದವರ ತೂಗುಗುಂಡು ತನ್ನಿ, ಇಲ್ಲವಾದರೆ ದಾರಕ್ಕೆ ಕಲ್ಲು ಕಟ್ಟಿದರೂ ಆಯಿತು. ಚಕ್ರದ ಹೊರಬದಿಗೆ, ಟೈರಿನ ಉಬ್ಬಿಗೆ ತಾಗದಷ್ಟು ದೂರದಲ್ಲಿ ದಾರ ಇಳಿಬಿಡಿ. ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಎಂದು ಅಳೆಯಿರಿ. ಮೇಲೆ ಹೆಚ್ಚು, ಕೆಳಗೆ ಕಡಿಮೆ ಬಂದರೆ ಚಕ್ರದ ತಲೆ ಒಳಕ್ಕೆ ವಾಲಿದೆ. ಇನ್ನೊಂದು ಚಕ್ರಕ್ಕೂ ಹಾಗೇ ಮಾಡಿ. ಎರಡೂ ಒಳಕ್ಕೆ ವಾಲಿದ್ದರೆ ಅಚ್ಚಿನ ನಡು ಜಗ್ಗಿದೆ. ಒಂದೇ ವಾಲಿದ್ದರೆ ಆ ತುದಿ ಕಲ್ಲಿಗೋ ಗುಂಡಿಗೋ ಬಿದ್ದು ಬಾಗಿದೆ. ಒಂದು ಒಳಕ್ಕೆ, ಇನ್ನೊಂದು ಅಷ್ಟೇ ಹೊರಕ್ಕೆ ಬಂದರೆ ಅಚ್ಚನ್ನು ಬೈಯಬೇಡಿ, ನಿಮ್ಮ ನೆಲವೇ ಇಳಿಜಾರು.

ಗರಗಸದಂತೆ ಕೈಗೆ ತಡೆದರೆ ಬೇರೆ ಅಳತೆ ಬೇಕು. ಟ್ರೇಲರಿನ ಕೊಂಡಿ ಪಿನ್ನಿನ ತೂತಿನಿಂದ ಅಚ್ಚಿನ ಎಡತುದಿಗೆ ಹಗ್ಗ ಎಳೆದು ಗಂಟು ಹಾಕಿ. ಅದೇ ಹಗ್ಗವನ್ನು ಬಲತುದಿಗೆ ತನ್ನಿ. ಗಂಟು ಅದೇ ಜಾಗಕ್ಕೆ ಬರಬೇಕು. ಬರದಿದ್ದರೆ ಅಚ್ಚು ಓರೆಯಾಗಿ ಕೂತಿದೆ. ಸಾಮಾನ್ಯವಾಗಿ ಅಚ್ಚನ್ನು ಸ್ಪ್ರಿಂಗ್ ಪಟ್ಟಿಗೆ ಹಿಡಿದಿರುವ ಯು-ಬೋಲ್ಟ್ ಸಡಿಲಾಗಿ ಹೀಗಾಗುತ್ತದೆ. ಇದು ಸುಲಭದ ರಿಪೇರಿ. ಬೋಲ್ಟ್ ಸಡಿಲಿಸಿ, ಅಚ್ಚನ್ನು ಅಳತೆಗೆ ಸರಿಸಿ, ಮತ್ತೆ ಬಿಗಿದರೆ ಆಯಿತು. ಪಟ್ಟಿಯ ನಡುವಿನ ಬೋಲ್ಟ್ ತುಂಡಾಗಿದೆಯೇ ಎಂದು ಮಾತ್ರ ಕೇಳಿ ನೋಡಿಸಿ.

ಬೇರಿಂಗ್ ನೋಡಲು ಚಕ್ರ ಎತ್ತಬೇಕು. ಟ್ರೇಲರ್ ಖಾಲಿ ಇರಲಿ, ಟ್ರ್ಯಾಕ್ಟರಿಗೆ ಕೊಂಡಿ ಹಾಕಿಯೇ ಇರಲಿ, ಇನ್ನೊಂದು ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ಗಟ್ಟಿ ನೆಲದಲ್ಲಿ ಜಾಕ್ ಕೊಟ್ಟು, ಅಚ್ಚಿನ ಕೆಳಗೆ ಮರದ ದಿಮ್ಮಿ ಇಡಿ. ಬರೀ ಜಾಕ್ ನಂಬಿ ಯಾರೂ ಕೆಳಗೆ ನುಸುಳಬಾರದು. ಎತ್ತಿದ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗ್ ಸಡಿಲ. ತಿರುಗಿಸಿ ಬಿಡಿ. ರಾಗಿ ಬೀಸುವ ಸದ್ದು ಬಂದರೆ ಬೇರಿಂಗ್ ಹೋಗಿದೆ. ಸಡಿಲವಷ್ಟೇ ಆಗಿದ್ದರೆ ಮೆಕ್ಯಾನಿಕ್ ನಟ್ಟು ಬಿಗಿದು, ಚೂರು ಹಿಂದಕ್ಕೆ ಬಿಟ್ಟು, ಹೊಸ ಪಿನ್ ಹಾಕಿ ಕೊಡುತ್ತಾರೆ. ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕಲು ಬಿಡಬೇಡಿ.

ಬೇರಿಂಗ್ ಕೆಡಲು ನಮ್ಮ ಊರುಗಳಲ್ಲಿ ಒಂದು ಕಾರಣ ಟ್ರೇಲರನ್ನು ತೊಳೆಯಲು ಕೆರೆಗೆ ಇಳಿಸುವುದು. ಓಡಿ ಬಂದ ಚಕ್ರದ ಗುಂಭ ಬಿಸಿಯಾಗಿರುತ್ತದೆ. ಒಮ್ಮೆಗೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದೋಣಿಯನ್ನು ಟ್ರೇಲರ್ ಮೇಲಿಟ್ಟು ನೀರಿಗೆ ಇಳಿಸುವವರಿಗೆ ಇದು ದಿನನಿತ್ಯದ ತಲೆನೋವು. ಗುಂಭ ಬಿಚ್ಚಿದಾಗ ಗ್ರೀಸ್ ಕಡೆದ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಎಲ್ಲ ತೊಳೆದು ಹೊಸ ಗ್ರೀಸ್ ತುಂಬಿಸಿ, ರಬ್ಬರ್ ಸೀಲ್ ಬದಲಾಯಿಸಬೇಕು. ಟ್ರೇಲರನ್ನು ದಡದಲ್ಲಿ ನಿಲ್ಲಿಸಿ ಬಿಂದಿಗೆಯಲ್ಲಿ ನೀರು ಹೊಯ್ದು ತೊಳೆದರೆ ಇದ್ಯಾವುದೂ ಬೇಡ.

ಬಾಗಿದ ಅಚ್ಚಿಗೆ ಏನು ಮಾಡಬೇಕು? ಕೆಲವರು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ಖರ್ಚು ಕಡಿಮೆ ಎಂದು ನಮಗೂ ಆಸೆಯಾಯಿತು. ಬೇಡ ಎಂದೇ ನಾನು ಹೇಳುತ್ತೇನೆ. ಹಾಗೆ ಕಾಯಿಸಿದ ಕಡೆ ಉಕ್ಕು ತನ್ನ ಕಸುವು ಕಳೆದುಕೊಳ್ಳುತ್ತದೆ, ಮುಂದಿನ ಭಾರಕ್ಕೆ ಅಲ್ಲೇ ಬಾಗುತ್ತದೆ ಅಥವಾ ಮುರಿಯುತ್ತದೆ. ನಾವು ಅಚ್ಚನ್ನೇ ಬದಲಾಯಿಸಿದೆವು. ಎರಡು ತಿಂಗಳ ಹಾಲಿನ ಬಟವಾಡೆಯ ಹಣ ಅದಕ್ಕೇ ಹೋಯಿತು. ಮೊದಲೇ ಮಾಡಿಸಿದ್ದರೆ ಒಂದು ಟೈರ್ ಉಳಿಯುತ್ತಿತ್ತು, ಒಂದು ಕೈಯೂ ಉಳಿಯುತ್ತಿತ್ತು. ಅಚ್ಚು ಕೊಳ್ಳುವಾಗ ಇದು ಎಷ್ಟು ಟನ್ನಿಗೆ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ರಿಮ್ ಸೀಳಿದ್ದರೆ ಇನ್ನೂ ಎಚ್ಚರ ಬೇಕು. ಟೈರ್ ಹಾಕಿರುವ ರಿಮ್ಮಿಗೆ, ಗಾಳಿ ಬಿಟ್ಟಿದ್ದರೂ ಸರಿಯೇ, ವೆಲ್ಡಿಂಗ್ ಮಾಡಿಸಲೇಬಾರದು. ಒಳಗಿನ ರಬ್ಬರ್ ಕಾದು ಎದ್ದ ಅನಿಲಕ್ಕೆ ಟೈರ್ ಬಾಂಬಿನಂತೆ ಸಿಡಿದು ಜೀವ ಹೋಗಬಹುದು. ಗಾಳಿ ಇಳಿದ ಟೈರಿನಲ್ಲೇ ದೂರ ಓಡಿಸಿಕೊಂಡು ಬಂದಿದ್ದರೆ ಹಾಗೇ ಗಾಳಿ ಹೊಡೆಸಬೇಡಿ, ಬಿಚ್ಚಿಸಿ ಒಳಗೋಡೆ ನೋಡಿಸಿ. ಗಾಳಿ ಹೊಡೆಯುವಾಗ ಮಕ್ಕಳು ಚಕ್ರದ ಎದುರಿಗೆ ನಿಲ್ಲದಿರಲಿ.

ಮೇವಿನ ಮೇಲೆ ಕೂತು ಬರುವ ವಿಷಯ. ಟ್ರೇಲರ್ ಇರುವುದು ಸಾಮಾನಿಗೆ, ಅದರ ಮೇಲೆ ಜನ ಕೂರಲು ಕಾನೂನಿನ ಒಪ್ಪಿಗೆ ಇಲ್ಲ. ಹೊಲದಿಂದ ಮನೆಗೆ ಎರಡು ಮೈಲಿ, ಬೆಳಗಿನಿಂದ ಬಗ್ಗಿ ಕೊಯ್ದ ಸೊಂಟ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು ಬೇರೆ. ನಡೆದು ಬನ್ನಿ ಎಂದು ಹೇಳುವುದು ಸುಲಭ, ನನಗೂ ಗೊತ್ತು. ನಾವೀಗ ಅರ್ಧ ಗಂಟೆ ಮೊದಲೇ ಕೊಯ್ಲು ನಿಲ್ಲಿಸಿ ನಡೆದೇ ಬರುತ್ತೇವೆ. ಸಾಲಾಗಿ ನಡೆದು ಬರುವಾಗ ಟ್ರೇಲರ್ ಮುಂದೆ ಹೋಗುತ್ತಿರುತ್ತದೆ. ಅದು ಓರೆಯಾಗಿ ಓಡುತ್ತಿದೆಯೇ, ಯಾವ ಚಕ್ರ ವಾಲುತ್ತಿದೆ ಎಂಬುದು ಹಿಂದಿನಿಂದ ಚೆನ್ನಾಗಿ ಕಾಣುತ್ತದೆ.

ಓರಗಿತ್ತಿಯ ಕೈ ಕೂಡಿಕೊಂಡಿದೆ, ಈಗ ಅವಳ ಹಸುಗಳನ್ನು ಅವಳೇ ಕರೆಯುತ್ತಾಳೆ. ಮುಂಗಾರಿಗೆ ಮುಂಚೆ ಗೊಬ್ಬರ ಹೊಡೆಯುವ ಹಿಂದಿನ ದಿನ ಟಾರ್ಚ್ ಹಿಡಿದು ಟ್ರೇಲರಿನ ಕೆಳಗೆ ಬಗ್ಗಿ ಟೈರುಗಳ ಒಳಬದಿ ನೋಡುವುದು ಅವಳದೇ ಕೆಲಸ. ಹೋದ ಸಲ ಬಲಗಡೆ ಟೈರಿನ ಪಕ್ಕದಲ್ಲಿದ್ದ ನಾಲ್ಕು ಅಂಕಿಗಳನ್ನೂ ಓದಿದಳು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2314 ಎಂದಿತ್ತು. 2014ರ 23ನೇ ವಾರದಲ್ಲಿ ತಯಾರಾದ ಟೈರ್. ಹಲ್ಲು ಇನ್ನೂ ಇದ್ದವು, ಆದರೆ ಪಕ್ಕದ ಗೋಡೆಯಲ್ಲಿ ಒಣಗಿದ ಕೆರೆಯಂಗಳದ ಹಾಗೆ ಬಿರುಕು. ಅದನ್ನೂ ತೆಗೆಸಿ ಹಾಕಿದೆವು.